ಪ್ರಭುವಿನ ಭೋಜನದಲ್ಲಿ ಪಂಕ್ತಿಭೇದ: ಪರಮಪ್ರಸಾದವೂ ಕೊರಿಂಥ ಸಭೆಯ ಪ್ರಶ್ನೆಯೂ

ಪರಮಪ್ರಸಾದವು ಇಡೀ ಕ್ರೈಸ್ತ ಜೀವನದ ಮೂಲವೂ ಶಿಖರವೂ ಆಗಿದೆಯೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದಲ್ಲಿ ಬೋಧಿಸಿತು. ಈ ಬೋಧನೆಯನ್ನು ನಾವು ಪ್ರಬೋಧನೆಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಆದರೆ ಅದನ್ನು ವಿವರಿಸಲು ಹೊರಟಾಗ ನಮ್ಮಲ್ಲಿ ಎರಡು ಬಗೆಯ ಒಲವುಗಳು ಕಾಣಿಸಿಕೊಳ್ಳುತ್ತವೆ. ಒಂದು ಒಲವು ಪರಮಪ್ರಸಾದದಲ್ಲಿ ಕ್ರಿಸ್ತರ ನಿಜ ಸಾನ್ನಿಧ್ಯಕ್ಕೆ, ಆರಾಧನೆಗೆ, ಪೂಜಾವಿಧಿಯ ಗೌರವಕ್ಕೆ ಒತ್ತು ಕೊಡುತ್ತದೆ. ಇನ್ನೊಂದು ಒಲವು ಹಂಚಿಕೆಗೆ, ಸಹೋದರತ್ವಕ್ಕೆ, ಬಡವರ ಪಕ್ಷವಹಿಸುವುದಕ್ಕೆ ಒತ್ತು ಕೊಡುತ್ತದೆ. ಮೊದಲಿನವರು ಎರಡನೆಯವರನ್ನು ಭಕ್ತಿಹೀನರೆಂದೂ ಎರಡನೆಯವರು ಮೊದಲಿನವರನ್ನು ಲೋಕವಿಮುಖರೆಂದೂ ಶಂಕಿಸುವುದುಂಟು. ಪ್ರೇಷಿತರಿಂದ ಬಂದ ವಿಶ್ವಾಸದಲ್ಲಿ ಇವು ಎರಡು ಸತ್ಯಗಳಲ್ಲ, ಒಂದೇ ಸತ್ಯ. ಒಂದನ್ನು ಬಿಟ್ಟವನು ಇನ್ನೊಂದನ್ನೂ ಕಳೆದುಕೊಳ್ಳುತ್ತಾನೆ. ಇದನ್ನು ಕೊರಿಂಥ ಸಭೆಯ ನಿದರ್ಶನದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹೆಸರುಗಳು ಹೇಳುವ ಅರ್ಥ

ಈ ಸಂಸ್ಕಾರಕ್ಕೆ ಆದಿಸಭೆಯು ಹಲವು ಹೆಸರುಗಳನ್ನು ಕೊಟ್ಟಿತು. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಅದು ರೊಟ್ಟಿ ಮುರಿಯುವಿಕೆ. ಸಂತ ಪೌಲರಲ್ಲಿ ಅದು ಪ್ರಭುವಿನ ಭೋಜನ. ಎರಡನೆಯ ಶತಮಾನದ ಹೊತ್ತಿಗೆ ಕೃತಜ್ಞತಾಸ್ತುತಿ ಎಂಬ ಅರ್ಥದ ಯೂಖರಿಸ್ತಿಯಾ ಎಂಬ ಗ್ರೀಕ್ ಪದವು ನೆಲೆಗೊಂಡಿತ್ತು. ಮುರಿಯುವುದು ಹಂಚುವುದಕ್ಕಾಗಿ. ಭೋಜನವೆಂದರೆ ಕೂಡಿ ಉಣ್ಣುವುದು. ಕೃತಜ್ಞತೆಯೆಂದರೆ ಪಡೆದುದು ತನ್ನ ಸಂಪಾದನೆಯಲ್ಲ, ವರವೆಂದು ಒಪ್ಪಿಕೊಳ್ಳುವುದು. ಹೀಗೆ ಮೂರು ಹೆಸರುಗಳೂ ಒಂದು ಕ್ರಿಯೆಯನ್ನೇ ಸೂಚಿಸುತ್ತವೆ.

ಕನ್ನಡ ಕಥೋಲಿಕ ವಿಶ್ವಾಸಿಗಳು ಆರಿಸಿಕೊಂಡ ಹೆಸರು ಪರಮಪ್ರಸಾದ. ಪ್ರಸಾದ ಎಂಬ ಪದಕ್ಕೆ ತಿಳಿ, ಪ್ರಸನ್ನತೆ, ಅನುಗ್ರಹ ಎಂಬ ಅರ್ಥಗಳಿವೆ. ದೇವರಿಗೆ ಅರ್ಪಿತವಾದುದು ಅನುಗ್ರಹವಾಗಿ ಮರಳಿ ಬಂದು ಎಲ್ಲರ ಕೈಸೇರುವುದನ್ನು ನಮ್ಮ ನಾಡಿನ ಜನರು ಪ್ರಸಾದವೆನ್ನುತ್ತಾರೆ. ಕ್ರೈಸ್ತ ವಿಶ್ವಾಸವು ಈ ಪದವನ್ನು ಸ್ವೀಕರಿಸಿ ಅದಕ್ಕೆ ಪರಮ ಎಂಬ ವಿಶೇಷಣವನ್ನು ಸೇರಿಸಿತು. ಏಕೆಂದರೆ ಇಲ್ಲಿ ಮರಳಿ ಬರುವುದು ನಾವು ಅರ್ಪಿಸಿದ ವಸ್ತುವಲ್ಲ. ನಾವು ಅರ್ಪಿಸುವುದು ರೊಟ್ಟಿ ಮತ್ತು ದ್ರಾಕ್ಷಾರಸ. ನಮಗೆ ಬರುವುದು ದಾತನಾದ ಪ್ರಭುವೇ. ಆದರೂ ಮೂಲಪದದ ಒಂದು ಅಂಶವು ಹಾಗೆಯೇ ಉಳಿದಿದೆ: ಪ್ರಸಾದವನ್ನು ಯಾರೂ ತನಗೆಂದು ಮಾತ್ರ ಪಡೆಯುವುದಿಲ್ಲ.

ಕನ್ನಡದಲ್ಲಿ ಇನ್ನೊಂದು ಪದವೂ ಇದೆ. ಊಟಕ್ಕೆ ಕುಳಿತವರನ್ನು ಅಂತಸ್ತು ನೋಡಿ ಬೇರೆ ಬೇರೆ ಸಾಲಿನಲ್ಲಿ ಕೂರಿಸುವುದನ್ನು, ಒಂದೇ ಸಾಲಿನಲ್ಲಿದ್ದರೂ ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಬಡಿಸುವುದನ್ನು ನಾವು ಪಂಕ್ತಿಭೇದವೆನ್ನುತ್ತೇವೆ. ಕೊರಿಂಥದಲ್ಲಿ ನಡೆದುದನ್ನು ವಿವರಿಸಲು ಇದಕ್ಕಿಂತ ತಕ್ಕ ಪದ ದೊರೆಯಲಾರದು.

2. ಕೊರಿಂಥದಲ್ಲಿ ನಡೆದುದೇನು?

ಕ್ರಿ.ಶ. 50ರ ದಶಕದ ಮಧ್ಯಭಾಗದಲ್ಲಿ ಸಂತ ಪೌಲರು ಎಫೆಸದಿಂದ ಕೊರಿಂಥದ ಸಭೆಗೆ ಪತ್ರ ಬರೆದರು. ಕೊನೆಯ ಭೋಜನದ ವೃತ್ತಾಂತವು ಲಿಖಿತ ರೂಪದಲ್ಲಿ ನಮಗೆ ಮೊದಲು ದೊರೆಯುವುದು ಈ ಪತ್ರದಲ್ಲಿಯೇ (1 ಕೊರಿಂಥ 11:23-26). ನಾಲ್ಕು ಶುಭಸಂದೇಶಗಳು ಬರಹಕ್ಕಿಳಿಯುವ ಮೊದಲೇ ಇದು ಬರೆಯಲ್ಪಟ್ಟಿತ್ತು. ಇಷ್ಟು ಅಮೂಲ್ಯವಾದ ಸಾಕ್ಷ್ಯವನ್ನು ಪೌಲರು ದೈವಶಾಸ್ತ್ರದ ಪಾಠವಾಗಿ ಬರೆಯಲಿಲ್ಲ ಎಂಬುದು ಗಮನಾರ್ಹ. ಒಂದು ಅನ್ಯಾಯವನ್ನು ಖಂಡಿಸುವಾಗ ಅವರು ಅದನ್ನು ಸಭೆಗೆ ನೆನಪಿಸಿದರು.

ಆಗ ಪ್ರತ್ಯೇಕ ದೇವಾಲಯಗಳಿರಲಿಲ್ಲ. ಸ್ಥಿತಿವಂತ ಸದಸ್ಯರ ಮನೆಗಳಲ್ಲಿ ಸಭೆ ಕೂಡುತ್ತಿತ್ತು, ಸಂಸ್ಕಾರವು ಸಹಭೋಜನದೊಂದಿಗೆ ಸೇರಿಕೊಂಡಿತ್ತು. ರೋಮನ್ ಶೈಲಿಯ ಮನೆಯ ಭೋಜನಶಾಲೆಯಲ್ಲಿ ಮೂರು ಒರಗುಮಂಚಗಳಿದ್ದು ಸಾಮಾನ್ಯವಾಗಿ ಒಂಬತ್ತು ಮಂದಿಗೆ ಸ್ಥಳವಿರುತ್ತಿತ್ತು. ಉಳಿದವರು ಹೊರಗಿನ ಅಂಗಳದಲ್ಲಿ ಕುಳಿತುಕೊಳ್ಳಬೇಕಾಗಿತ್ತು. ಯಜಮಾನನ ಗೆಳೆಯರು ಒಳಗೆ, ದಾಸರೂ ಕೂಲಿಯಾಳುಗಳೂ ಹೊರಗೆ ಎಂಬ ವಿಭಜನೆಗೆ ಕಟ್ಟಡವೇ ಅನುಕೂಲ ಮಾಡಿಕೊಡುತ್ತಿತ್ತೆಂದು ವಿದ್ವಾಂಸರು ಊಹಿಸುತ್ತಾರೆ. ತನ್ನ ಹೊತ್ತು ತನ್ನ ಕೈಯಲ್ಲಿಲ್ಲದ ದಾಸನು ಕೆಲಸ ಮುಗಿಸಿ ತಡವಾಗಿ ಬರುವಷ್ಟರಲ್ಲಿ ಊಟ ಮುಗಿದಿರುತ್ತಿತ್ತು. ಒಬ್ಬನು ಹಸಿದಿರುವಾಗ ಇನ್ನೊಬ್ಬನು ಕುಡಿದು ಮತ್ತನಾಗಿರುತ್ತಾನೆಂದು ಪೌಲರು ನೇರವಾಗಿಯೇ ಬರೆಯುತ್ತಾರೆ (11:21).

ಅವರ ತೀರ್ಪು ಕಠಿಣವಾದುದು. ಇಂಥ ಕೂಟದಲ್ಲಿ ನೀವು ಉಣ್ಣುವುದು ಪ್ರಭುವಿನ ಭೋಜನವೇ ಅಲ್ಲ ಎಂದು ಅವರು ಹೇಳುತ್ತಾರೆ (11:20). ಏನೂ ಇಲ್ಲದವರನ್ನು ನಾಚಿಸುವುದೆಂದರೆ ದೇವರ ಸಭೆಯನ್ನೇ ತಿರಸ್ಕರಿಸುವುದು (11:22). ಇಲ್ಲಿ ಕೊರತೆಯಿದ್ದುದು ವಿಧಿಯಲ್ಲಿ ಅಲ್ಲ. ರೊಟ್ಟಿಯಿತ್ತು, ಪಾತ್ರೆಯಿತ್ತು, ಪ್ರಾರ್ಥನೆಯೂ ಇತ್ತು. ಕೊರತೆಯಿದ್ದುದು ಪಂಕ್ತಿಯಲ್ಲಿ.

3. ಶರೀರವನ್ನು ಅರಿಯುವುದು

ಪೌಲರ ವಾದದ ತಿರುಳು 29ನೆಯ ವಚನದಲ್ಲಿದೆ. ಶರೀರವನ್ನು ವಿವೇಚಿಸಿ ಅರಿಯದೆ ಉಂಡು ಕುಡಿಯುವವನು ತನಗೆ ತಾನೇ ನ್ಯಾಯತೀರ್ಪನ್ನು ಬರಮಾಡಿಕೊಳ್ಳುತ್ತಾನೆಂಬುದು ಅದರ ಸಾರಾಂಶ. ಅನಂತರದ ಅನೇಕ ಪ್ರತಿಗಳಲ್ಲಿ ಇದು ಪ್ರಭುವಿನ ಶರೀರ ಎಂದಿದೆ. ಅತಿ ಪುರಾತನ ಹಸ್ತಪ್ರತಿಗಳಲ್ಲಿಯಾದರೋ ಬರಿದೇ ಶರೀರ ಎಂದಿದೆ. ಯಾವ ಶರೀರ?

ಇದಕ್ಕೆ ಒಂದೇ ಉತ್ತರ ಸಾಲದು. ಎರಡು ವಚನಗಳ ಹಿಂದೆ, ರೊಟ್ಟಿಯನ್ನು ಅಯೋಗ್ಯ ರೀತಿಯಲ್ಲಿ ಸೇವಿಸುವವನು ಪ್ರಭುವಿನ ಶರೀರ ಮತ್ತು ರಕ್ತದ ವಿಷಯದಲ್ಲಿ ಅಪರಾಧಿಯೆಂದು ಪೌಲರು ಹೇಳಿದ್ದಾರೆ. ಬರಿಯ ಸಂಕೇತಕ್ಕೆ ಅಗೌರವ ತೋರಿದವನ ಬಗ್ಗೆ ಹೀಗೆ ಬರೆಯಲು ಸಾಧ್ಯವಿಲ್ಲ. ಆದುದರಿಂದ ಶರೀರವೆಂದರೆ ಸಂಸ್ಕಾರದಲ್ಲಿ ನಿಜವಾಗಿ ಇರುವ ಕ್ರಿಸ್ತರ ಶರೀರ. ಅದೇ ಸಮಯದಲ್ಲಿ, ಹಿಂದಿನ ಅಧ್ಯಾಯದಲ್ಲಿ ರೊಟ್ಟಿ ಒಂದೇ ಆಗಿರುವುದರಿಂದ ಅದರಲ್ಲಿ ಪಾಲುಗೊಳ್ಳುವ ಅನೇಕರು ಒಂದೇ ಶರೀರವಾಗಿದ್ದಾರೆಂದು ಅವರು ಬರೆದಿದ್ದಾರೆ (10:17). ಮುಂದಿನ ಅಧ್ಯಾಯದಲ್ಲಿ ಸಭೆಯೇ ಕ್ರಿಸ್ತರ ಶರೀರವೆಂದು ವಿಸ್ತಾರವಾಗಿ ವಿವರಿಸಲಿದ್ದಾರೆ (12:12-27). ಆದುದರಿಂದ ಶರೀರವೆಂದರೆ ಅಂಗಳದಲ್ಲಿ ಹಸಿದು ಕುಳಿತವನನ್ನೂ ಒಳಗೊಂಡ ಸಭೆ. ಪೌಲರು ಈ ಎರಡು ಅರ್ಥಗಳ ನಡುವೆ ಆಯ್ಕೆಯನ್ನು ಕೇಳುವುದಿಲ್ಲ. ಒಂದನ್ನು ಅರಿಯದವನು ಇನ್ನೊಂದನ್ನೂ ಅರಿತಿಲ್ಲವೆಂಬುದೇ ಅವರ ಆರೋಪ.

ಭಾಷೆಯ ಒಂದು ಸೂಕ್ಷ್ಮವೂ ಇಲ್ಲಿ ನೆರವಾಗುತ್ತದೆ. ಪೌಲರು ಬಳಸಿದ ಗ್ರೀಕ್ ಪದವು ಸೇವಿಸುವವನ ಯೋಗ್ಯತೆಯನ್ನಲ್ಲ, ಸೇವಿಸುವ ರೀತಿಯನ್ನು ಸೂಚಿಸುವ ಕ್ರಿಯಾವಿಶೇಷಣ. ಯೋಗ್ಯತೆಯನ್ನೇ ಅಳೆದರೆ ನಮ್ಮಲ್ಲಿ ಯಾರೂ ಬಲಿಪೀಠದ ಬಳಿಗೆ ಹೋಗಲಾರೆವು. ಘೋರ ಪಾಪದ ಅರಿವಿರುವವರು ಮೊದಲು ಪಾಪನಿವೇದನೆಯ ಸಂಸ್ಕಾರವನ್ನು ಪಡೆಯಬೇಕೆಂಬ ಧರ್ಮಸಭೆಯ ನಿಯಮವು ಈ ವಚನವನ್ನೇ ಆಧರಿಸಿದ್ದು, ಅದು ಎಂದಿಗೂ ಬದ್ಧಗೊಳಿಸುವಂಥದು. ಆದರೆ ಆತ್ಮಶೋಧನೆಯನ್ನು ಖಾಸಗಿ ದೋಷಗಳಿಗೆ ಮಾತ್ರ ಸೀಮಿತಗೊಳಿಸಿದರೆ ಪೌಲರು ಮೊದಲು ಉದ್ದೇಶಿಸಿದ ಪಾಪವೇ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಅವರು ಕೊನೆಗೆ ಕೊಡುವ ಆಜ್ಞೆ ಸರಳವಾದುದು: ಒಬ್ಬರಿಗೊಬ್ಬರು ಕಾದುಕೊಳ್ಳಬೇಕು (11:33). ಆ ಕ್ರಿಯಾಪದಕ್ಕೆ ಬರಮಾಡಿಕೊಳ್ಳುವುದು ಎಂಬ ಅರ್ಥವೂ ಉಂಟು.

4. ಸಭಾಪಿತೃಗಳ ಸಾಕ್ಷ್ಯ

ಪೌಲರ ಈ ಗ್ರಹಿಕೆಯನ್ನು ಮುಂದಿನ ಶತಮಾನಗಳು ಮರೆಯಲಿಲ್ಲ. ಕ್ರಿ.ಶ. 155ರ ಸುಮಾರಿಗೆ ಸಂತ ಜಸ್ಟಿನರು ರೋಮ್ ನಗರದಲ್ಲಿ ಬರೆದ ಸಮರ್ಥನಾಗ್ರಂಥದಲ್ಲಿ ಭಾನುವಾರದ ಪೂಜೆಯ ವರ್ಣನೆಯಿದೆ: ಪ್ರೇಷಿತರ ಮತ್ತು ಪ್ರವಾದಿಗಳ ಬರಹಗಳ ವಾಚನ, ಅಧ್ಯಕ್ಷರ ಪ್ರಬೋಧನೆ, ಎಲ್ಲರ ಪ್ರಾರ್ಥನೆ, ರೊಟ್ಟಿ-ದ್ರಾಕ್ಷಾರಸಗಳ ಮೇಲೆ ಕೃತಜ್ಞತಾಸ್ತುತಿ, ಜನರ ಆಮೆನ್, ಬಳಿಕ ವಿತರಣೆ. ಈ ಆಹಾರವು ಸಾಮಾನ್ಯ ರೊಟ್ಟಿಯಲ್ಲ, ಮನುಷ್ಯರಾದ ಯೇಸುವಿನ ಮಾಂಸ ಮತ್ತು ರಕ್ತವೆಂದು ಅವರು ಸ್ಪಷ್ಟವಾಗಿ ಹೇಳುತ್ತಾರೆ. ಅದೇ ಉಸಿರಿನಲ್ಲಿ ಇನ್ನೆರಡು ಸಂಗತಿಗಳನ್ನು ಸೇರಿಸುತ್ತಾರೆ. ಬರಲಾಗದವರ ಪಾಲನ್ನು ಧರ್ಮಸೇವಕರು ಅವರಿದ್ದಲ್ಲಿಗೆ ಒಯ್ಯುತ್ತಾರೆ. ಉಳ್ಳವರು ತಮ್ಮಿಚ್ಛೆಯಂತೆ ಕೊಟ್ಟುದನ್ನು ಅಧ್ಯಕ್ಷರು ಅನಾಥರಿಗೂ ವಿಧವೆಯರಿಗೂ ರೋಗಿಗಳಿಗೂ ಸೆರೆಯಲ್ಲಿರುವವರಿಗೂ ಪರದೇಶಿಗಳಿಗೂ ವಿನಿಯೋಗಿಸುತ್ತಾರೆ. ಇಂದು ನಮ್ಮಲ್ಲಿ ಕಾಣಿಕೆಯ ತಟ್ಟೆಯು ಪೂಜೆಯ ನಡುವೆ ಬರುವ ಬಿಡುವಿನಂತೆ ತೋರುತ್ತದೆ. ಜಸ್ಟಿನರಿಗೆ ಅದು ಪೂಜೆಯ ಅಂಗವಾಗಿತ್ತು.

ಮೂರನೆಯ ಶತಮಾನದ ಸಿರಿಯಾದಲ್ಲಿ ರಚಿತವಾದ ದಿದಸ್ಕಾಲಿಯ ಎಂಬ ಸಭಾನಿಯಮಗಳ ಗ್ರಂಥವು ಒಂದು ಸೂಚನೆಯನ್ನು ಕೊಡುತ್ತದೆ. ಪೂಜೆಯ ಹೊತ್ತಿಗೆ ಬಡವನೊಬ್ಬನು, ವಿಶೇಷವಾಗಿ ವೃದ್ಧನು, ಬಂದು ಸ್ಥಳವಿಲ್ಲದೆ ನಿಂತರೆ ಧರ್ಮಾಧ್ಯಕ್ಷರು ಮನಃಪೂರ್ವಕವಾಗಿ ಅವನಿಗೆ ಸ್ಥಳ ಮಾಡಿಕೊಡಬೇಕು. ಅದಕ್ಕಾಗಿ ತಾವೇ ನೆಲದ ಮೇಲೆ ಕೂರಬೇಕಾದರೂ ಸರಿ. ಕೊರಿಂಥದ ರೋಗಕ್ಕೆ ಇದಕ್ಕಿಂತ ನೇರವಾದ ಔಷಧವಿಲ್ಲ.

ನಾಲ್ಕನೆಯ ಶತಮಾನದ ಅಂತ್ಯದಲ್ಲಿ ಸಂತ ಯೊವಾನ್ನ ಕ್ರಿಸೋಸ್ತೋಮರು ಮತ್ತಾಯನ ಶುಭಸಂದೇಶವನ್ನು ವ್ಯಾಖ್ಯಾನಿಸುತ್ತ, ಇದು ನನ್ನ ಶರೀರವೆಂದು ಹೇಳಿ ಅದನ್ನು ಸತ್ಯವಾಗಿಸಿದ ಪ್ರಭುವೇ ಹಸಿದವರಲ್ಲಿ ತಾನು ಹಸಿದಿದ್ದೆನೆಂದು ಹೇಳಿದವರು ಎಂದು ಬೋಧಿಸಿದರು. ಎರಡೂ ಮಾತುಗಳು ಒಂದೇ ಬಾಯಿಂದ ಬಂದಿವೆ. ಒಂದನ್ನು ಅಕ್ಷರಶಃ ನಂಬಿ ಇನ್ನೊಂದನ್ನು ಅಲಂಕಾರವೆಂದು ತಳ್ಳಿಹಾಕಲು ನಮಗೆ ಅಧಿಕಾರವಿಲ್ಲ. ಸಂತ ಅಗಸ್ಟೀನರು ಹೊಸದಾಗಿ ಜ್ಞಾನಸ್ನಾನ ಪಡೆದವರಿಗೆ ಬೋಧಿಸುವಾಗ, ಅನೇಕ ಕಾಳುಗಳು ಹಿಟ್ಟಾಗಿ, ನೀರಿನಲ್ಲಿ ಕಲಸಲ್ಪಟ್ಟು, ಬೆಂಕಿಯಲ್ಲಿ ಬೆಂದು ಒಂದು ರೊಟ್ಟಿಯಾಗುವುದನ್ನು ಅವರದೇ ಜ್ಞಾನಸ್ನಾನಕ್ಕೂ ಪವಿತ್ರಾತ್ಮರ ಅಗ್ನಿಗೂ ಹೋಲಿಸಿದರು. ಕ್ರಿಸ್ತರ ಶರೀರವೆಂಬ ಮಾತಿಗೆ ಆಮೆನ್ ಎನ್ನುವವನು ಆ ಶರೀರದ ಅಂಗವಾಗಿರಲು ತಾನು ಒಪ್ಪಿದ್ದೇನೆಂದು ಸಹಿ ಹಾಕುತ್ತಾನೆಂಬುದು ಅವರ ಬೋಧನೆಯ ತಾತ್ಪರ್ಯ.

5. ನಿಜ ಸಾನ್ನಿಧ್ಯ ಮತ್ತು ಅದರ ಗುರಿ

ಹೀಗಾದರೆ ನಿಜ ಸಾನ್ನಿಧ್ಯದ ಸಿದ್ಧಾಂತವು ಸಭೆಯ ಒಗ್ಗಟ್ಟಿನಲ್ಲಿ ಕರಗಿಹೋಗುವುದೇ ಎಂಬ ಶಂಕೆ ಏಳಬಹುದು. ಹಾಗಾಗುವುದಿಲ್ಲ. 1551ರಲ್ಲಿ ಟ್ರೆಂಟ್ ಮಹಾಸಭೆಯ 13ನೆಯ ಅಧಿವೇಶನವು, ರೊಟ್ಟಿಯ ಇಡೀ ಸತ್ತ್ವವು ಕ್ರಿಸ್ತರ ಶರೀರದ ಸತ್ತ್ವವಾಗಿಯೂ ದ್ರಾಕ್ಷಾರಸದ ಇಡೀ ಸತ್ತ್ವವು ಅವರ ರಕ್ತದ ಸತ್ತ್ವವಾಗಿಯೂ ಪರಿವರ್ತನೆಗೊಳ್ಳುತ್ತದೆ, ಬಾಹ್ಯ ಲಕ್ಷಣಗಳು ಮಾತ್ರ ಉಳಿಯುತ್ತವೆ ಎಂದು ಘೋಷಿಸಿತು. 1965ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ತಮ್ಮ ವಿಶ್ವಪರಿಪತ್ರದಲ್ಲಿ ಈ ಬೋಧನೆಯನ್ನು ಮತ್ತೆ ದೃಢಪಡಿಸಿದರು. ಆದರೆ ಟ್ರೆಂಟ್ ಮಹಾಸಭೆಯ ಅದೇ ಅಧಿವೇಶನವು ಈ ಸಂಸ್ಕಾರವನ್ನು ಕ್ರಿಸ್ತರೇ ಶಿರಸ್ಸಾಗಿರುವ ಒಂದು ಶರೀರದ ಚಿಹ್ನೆಯೆಂದೂ ಕರೆದಿರುವುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಮಧ್ಯಯುಗದ ದೈವಶಾಸ್ತ್ರವು ಈ ಎರಡರ ಸಂಬಂಧವನ್ನು ಮೂರು ಹಂತಗಳಲ್ಲಿ ವಿವರಿಸಿತು. ಕಣ್ಣಿಗೆ ಕಾಣುವ ರೊಟ್ಟಿ ಮತ್ತು ದ್ರಾಕ್ಷಾರಸ ಚಿಹ್ನೆ ಮಾತ್ರ. ಅವುಗಳ ರೂಪದಲ್ಲಿರುವ ಕ್ರಿಸ್ತರ ನಿಜ ಶರೀರವು ವಾಸ್ತವವೂ ಹೌದು, ಇನ್ನೊಂದರ ಚಿಹ್ನೆಯೂ ಹೌದು. ಆ ಇನ್ನೊಂದು, ಅಂದರೆ ಸಂಸ್ಕಾರವು ಅಂತಿಮವಾಗಿ ತಲುಪಬೇಕಾದ ವಾಸ್ತವ, ಸಭೆಯ ಐಕ್ಯವೇ ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಎಂದರೆ ಪ್ರಭುವಿನ ನಿಜ ಸಾನ್ನಿಧ್ಯವು ಪಯಣದ ಕೊನೆಯಲ್ಲ. ಅದು ನಮ್ಮನ್ನು ಒಂದು ಶರೀರವಾಗಿಸುವ ಶಕ್ತಿ. 1944ರಲ್ಲಿ ಪ್ರಕಟವಾದ ತಮ್ಮ ಕೃತಿಯಲ್ಲಿ ಹೆನ್ರಿ ದ ಲುಬಾಕರು ಒಂದು ಐತಿಹಾಸಿಕ ಸಂಗತಿಯನ್ನು ತೋರಿಸಿಕೊಟ್ಟರು. ನಿಗೂಢ ಶರೀರ ಎಂಬ ಮಾತು ಮೊದಲು ಪರಮಪ್ರಸಾದಕ್ಕೆ ಸಲ್ಲುತ್ತಿತ್ತು, 12ನೆಯ ಶತಮಾನದಿಂದೀಚೆಗೆ ಅದು ಧರ್ಮಸಭೆಯ ಹೆಸರಾಯಿತು. ಹೆಸರುಗಳು ಸ್ಥಳ ಬದಲಿಸುತ್ತಿದ್ದಂತೆ, ಒಂದನ್ನೊಂದು ಬಿಟ್ಟಿರದ ಎರಡು ಶರೀರಗಳು ವಿಶ್ವಾಸಿಗಳ ಮನಸ್ಸಿನಲ್ಲಿ ಮೆಲ್ಲಮೆಲ್ಲನೆ ದೂರವಾದವು.

ಪೂಜಾವಿಧಿಯಾದರೋ ಅವನ್ನು ಇಂದಿಗೂ ಜೊತೆಗಿಟ್ಟಿದೆ. ಕೃತಜ್ಞತಾ ಮಹಾಪ್ರಾರ್ಥನೆಯಲ್ಲಿ ಯಾಜಕರು ಪವಿತ್ರಾತ್ಮರನ್ನು ಕಾಣಿಕೆಗಳ ಮೇಲೆ ಬೇಡಿಕೊಳ್ಳುತ್ತಾರೆ. ಬಳಿಕ, ಪಾಲುಗೊಳ್ಳುವವರೆಲ್ಲ ಒಂದಾಗುವಂತೆ ಅದೇ ಪವಿತ್ರಾತ್ಮರನ್ನು ಜನರಿಗಾಗಿಯೂ ಬೇಡಿಕೊಳ್ಳುತ್ತಾರೆ. ಮೊದಲ ಬೇಡಿಕೆ ಎರಡನೆಯದಕ್ಕಾಗಿ ಇದೆ. ಪ್ರಭು ಕಲಿಸಿದ ಪ್ರಾರ್ಥನೆ, ಶಾಂತಿಯ ವಿನಿಮಯ, ರೊಟ್ಟಿ ಮುರಿಯುವಿಕೆ ಇವೆಲ್ಲವೂ ಸ್ವೀಕಾರಕ್ಕೆ ಮುಂಚೆಯೇ ಬರುವುದು ಆಕಸ್ಮಿಕವಲ್ಲ.

ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಸಭೆಯು ಒಡೆದಿದ್ದರೆ ಕ್ರಿಸ್ತರು ಬಲಿಪೂಜೆಯಲ್ಲಿ ಸಾನ್ನಿಧ್ಯ ವಹಿಸುವುದಿಲ್ಲವೆಂದು ಕಥೋಲಿಕ ವಿಶ್ವಾಸವು ಹೇಳುವುದಿಲ್ಲ. ಸಂಸ್ಕಾರದ ಸಿಂಧುತ್ವವು ಯಾಜಕನ ಅಥವಾ ಜನರ ಪಾವಿತ್ರ್ಯವನ್ನು ಅವಲಂಬಿಸಿಲ್ಲ. ಕ್ರಿಸ್ತರ ವಾಗ್ದಾನವನ್ನು ಅವಲಂಬಿಸಿದೆ. ಇದು ನಮಗೆ ದೊಡ್ಡ ಸಮಾಧಾನ. ಆದರೆ ಅದೇ ನಮಗೆ ಎಚ್ಚರಿಕೆಯೂ ಹೌದು. ಪ್ರಭು ನಿಜವಾಗಿ ಬಂದಿದ್ದಾರೆ ಎಂಬ ಕಾರಣಕ್ಕೇ ಅವರು ಬಂದ ಉದ್ದೇಶವನ್ನು ತಡೆಯುವುದು ಅಪರಾಧವಾಗುತ್ತದೆ. ಕೊರಿಂಥದ ಪಾಪವು ಅಷ್ಟು ಭಾರವಾದುದು ಅಲ್ಲಿ ಪ್ರಭು ಇರಲಿಲ್ಲವೆಂದಲ್ಲ, ಇದ್ದರೆಂದು.

6. ಇತಿಹಾಸದಲ್ಲಿ ಎರಡು ಕ್ಷಣಗಳು

1514ರಲ್ಲಿ ಕ್ಯೂಬಾ ದ್ವೀಪದಲ್ಲಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಯಾಜಕರು ಪವಿತ್ರಾತ್ಮರ ಹಬ್ಬದ ಪ್ರಬೋಧನೆಗೆ ಸಿದ್ಧರಾಗುತ್ತಿದ್ದರು. ಆ ನಾಡಿನ ಮೂಲನಿವಾಸಿಗಳ ಬಲವಂತದ ದುಡಿಮೆಯ ಮೇಲೆ ಅವರೂ ಇತರ ಸ್ಪೇನರಂತೆ ಹಕ್ಕು ಹೊಂದಿದ್ದರು. ಆಗ ಅವರ ಕಣ್ಣಿಗೆ ಸಿರಾಖನ ಗ್ರಂಥದ 34ನೆಯ ಅಧ್ಯಾಯ ಬಿತ್ತು. ಬಡವರ ಸೊತ್ತಿನಿಂದ ಬಲಿಯರ್ಪಿಸುವುದು ತಂದೆಯ ಎದುರಿನಲ್ಲೇ ಮಗನನ್ನು ಕೊಂದಂತೆ ಎಂಬುದು ಅದರ ಬೋಧನೆ. ತಾವು ಅರ್ಪಿಸುವ ರೊಟ್ಟಿ ಯಾರ ಬೆವರಿನದು ಎಂಬ ಪ್ರಶ್ನೆಯನ್ನು ಅವರು ತಪ್ಪಿಸಿಕೊಳ್ಳಲಾರದೆ ಹೋದರು. ತಮ್ಮ ಪಾಲಿನ ಜನರನ್ನು ಬಿಟ್ಟುಕೊಟ್ಟು, ಉಳಿದ ಆಯುಷ್ಯವನ್ನು ಮೂಲನಿವಾಸಿಗಳ ರಕ್ಷಣೆಗಾಗಿ ಸವೆಸಿದರು.

ಎರಡನೆಯದು ನಮ್ಮ ದೇಶದ್ದು. 1964ರ ನವೆಂಬರ್-ಡಿಸೆಂಬರ್ ತಿಂಗಳುಗಳಲ್ಲಿ ಬೊಂಬಾಯಿಯಲ್ಲಿ 38ನೆಯ ಅಂತರರಾಷ್ಟ್ರೀಯ ಪರಮಪ್ರಸಾದ ಮಹಾಸಮ್ಮೇಳನ ನಡೆಯಿತು. ಅದಕ್ಕೆ ಬಂದ ಆರನೆಯ ಪೌಲ್ ಜಗದ್ಗುರುಗಳು ಅಲ್ಲಿಂದಲೇ ಲೋಕದ ರಾಷ್ಟ್ರಗಳಿಗೆ ಒಂದು ಮನವಿಯನ್ನು ಮಾಡಿದರು: ಶಸ್ತ್ರಾಸ್ತ್ರಗಳಿಗೆ ವ್ಯಯವಾಗುವ ಹಣದ ಒಂದು ಭಾಗವನ್ನು ಬಡವರ ನೆರವಿನ ನಿಧಿಗೆ ಮೀಸಲಿಡಬೇಕು. ಜನಾಂಗಗಳ ಪ್ರಗತಿಯನ್ನು ಕುರಿತ 1967ರ ವಿಶ್ವಪರಿಪತ್ರದಲ್ಲಿ ಅವರು ಈ ಬೊಂಬಾಯಿಯ ಮನವಿಯನ್ನು ಸ್ಮರಿಸಿದರು. ನಿಜ ಸಾನ್ನಿಧ್ಯದ ಪರವಾಗಿ 1965ರಲ್ಲಿ ದೃಢವಾಗಿ ಬರೆದವರೂ ಇವರೇ.

7. ನಮ್ಮ ನಾಡಿನ ಪಂಕ್ತಿ

ಭಾರತದ ಧರ್ಮಸಭೆಗೆ ಕೊರಿಂಥದ ಪ್ರಶ್ನೆ ಜಾತಿಯ ರೂಪದಲ್ಲಿ ಎದುರಾಯಿತು. 17ನೆಯ ಶತಮಾನದ ಮಧ್ಯಭಾಗದಲ್ಲಿ ಲಿಯೊನಾರ್ದೊ ಚಿನ್ನಾಮಿಯವರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಮೈಸೂರು ಮಿಷನ್ ಆಗಲಿ, ಅದಕ್ಕೆ ಮೊದಲಿನ ಮಧುರೆ ಮಿಷನ್ ಆಗಲಿ, ಸಂನ್ಯಾಸಿಯ ವೇಷವನ್ನೂ ನಾಡಿನ ಆಚಾರಗಳನ್ನೂ ಸ್ವೀಕರಿಸಿ ಶುಭಸಂದೇಶವನ್ನು ಸಾರಲು ಯತ್ನಿಸಿದವು. ಆ ಯತ್ನದ ಔದಾರ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆಚಾರಗಳ ಜೊತೆ ಭೇದವೂ ಒಳಬಂದಿತು. 1704ರಲ್ಲಿ ಜಗದ್ಗುರುಗಳ ಪ್ರತಿನಿಧಿ ದ ತುರ್ನೋನರು ಪಾಂಡಿಚೇರಿಯಲ್ಲಿ ಹೊರಡಿಸಿದ ಆದೇಶದ ಒಂದು ಅಂಶ ಹೀಗಿತ್ತು: ಅಸ್ಪೃಶ್ಯರೆನಿಸಿದವರ ಮನೆಗಳಿಗೆ ಹೋಗಿ ರೋಗಿಗಳಿಗೆ ಸಂಸ್ಕಾರಗಳನ್ನು ಕೊಡಲು ಮಿಷನರಿಗಳು ಹಿಂಜರಿಯಬಾರದು. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಜಗದ್ಗುರುಗಳು ಈ ವಿವಾದಕ್ಕೆ ಅಂತಿಮ ತೀರ್ಪು ನೀಡುವಾಗ, ಆ ಜನರಿಗಾಗಿ ಪ್ರತ್ಯೇಕ ಮಿಷನರಿಗಳನ್ನು ನೇಮಿಸುವ ಸಲಹೆಯನ್ನು ಒಪ್ಪಿಕೊಂಡರು. ಸಂಸ್ಕಾರವು ಬಡವನ ಹೊಸ್ತಿಲು ದಾಟಿತು. ಆದರೆ ಪಂಕ್ತಿ ಎರಡಾಗಿಯೇ ಉಳಿಯಿತು.

ಮೇಜಿನಲ್ಲಿ, ಆಸನದಲ್ಲಿ, ಸಮಾಧಿಭೂಮಿಯಲ್ಲಿ ಈ ಎರಡು ಪಂಕ್ತಿಗಳ ನೆನಪು ಇನ್ನೂ ಪೂರ್ತಿ ಅಳಿದಿಲ್ಲ. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಜಾತಿಭೇದವು ಘೋರ ಪಾಪವೆಂದೂ ಅದು ಧರ್ಮಸಭೆಯ ಒಳಗೂ ಇದೆಯೆಂದೂ ಒಪ್ಪಿಕೊಂಡಿತು. ಈ ಒಪ್ಪಿಗೆಯನ್ನು ಸಮಾಜಸೇವೆಯ ವಿಷಯವೆಂದು ಮಾತ್ರ ಓದುವವರು ಕೊರಿಂಥದ ಪತ್ರವನ್ನು ಓದಿಲ್ಲ. ಅದು ಪರಮಪ್ರಸಾದದ ವಿಷಯ.

ಜಾತಿಯಷ್ಟು ಕ್ರೂರವಲ್ಲದ ಬೇರೆ ಗೆರೆಗಳೂ ಇವೆ. ಬೆಂಗಳೂರಿನಂಥ ನಗರದಲ್ಲಿ ಒಂದೇ ದೇವಾಲಯದಲ್ಲಿ ಕನ್ನಡ, ತಮಿಳು, ಕೊಂಕಣಿ, ಇಂಗ್ಲಿಷ್ ಬಲಿಪೂಜೆಗಳು ನಡೆಯುತ್ತವೆ. ತಾಯ್ನುಡಿಯಲ್ಲಿ ದೇವರನ್ನು ಸ್ತುತಿಸುವುದು ಜನರ ಹಕ್ಕು. ಕನ್ನಡದ ನೆಲದಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಸ್ಥಾನ ಸಲ್ಲಲೇಬೇಕು. ಆದರೆ ಒಂದೇ ಬಲಿಪೀಠವನ್ನು ಹಂಚಿಕೊಂಡ ಸಮುದಾಯಗಳು ವರ್ಷವಿಡೀ ಪರಸ್ಪರ ಮುಖ ನೋಡದೆ ಬಂದು ಹೋಗುವುದಾದರೆ, ಒಂದು ರೊಟ್ಟಿಯ ಚಿಹ್ನೆ ಮಸುಕಾಗುತ್ತದೆ.

8. ಯಾಜಕರಾಗಲಿರುವವರಿಗೆ

ಈ ವಿವೇಚನೆಯಿಂದ ಪಾಲನಾಸೇವೆಗೆ ಕೆಲವು ಸರಳ ಸೂಚನೆಗಳು ದೊರೆಯುತ್ತವೆ. ಮೊದಲನೆಯದು, ಕಾಯುವುದು. ಭಾನುವಾರ ಬೆಳಿಗ್ಗೆಯೂ ಪರರ ಮನೆಯಲ್ಲಿ ಪಾತ್ರೆ ತೊಳೆಯುವವಳಿಗೆ, ಪಾಳಿಯ ಮೇಲೆ ದುಡಿಯುವವನಿಗೆ ಅನುಕೂಲವಾದ ಹೊತ್ತಿನಲ್ಲಿ ಒಂದು ಪೂಜೆಯಿದೆಯೇ ಎಂದು ವಿಚಾರಿಸುವುದು ಪೌಲರ ಆಜ್ಞೆಯ ಪಾಲನೆ. ಎರಡನೆಯದು, ಹಣ. ಬಡತನದ ಕಾರಣದಿಂದ ಯಾರೂ ಸಂಸ್ಕಾರಗಳಿಂದ ವಂಚಿತರಾಗಬಾರದೆಂದು 1983ರ ಧರ್ಮಸಭಾ ಕಾನೂನು ಸಂಹಿತೆಯ 848ನೆಯ ನಿಯಮವು ವಿಧಿಸುತ್ತದೆ. ಕಾಣಿಕೆ ಪಡೆಯದೆಯೂ ಬಡವರ ಕೋರಿಕೆಗಾಗಿ ಬಲಿಪೂಜೆ ಅರ್ಪಿಸಬೇಕೆಂದು 945ನೆಯ ನಿಯಮವು ಆಗ್ರಹಪೂರ್ವಕವಾಗಿ ಸಲಹೆ ಮಾಡುತ್ತದೆ. ಮೂರನೆಯದು, ಚಿಹ್ನೆ. ಯಾಜಕರು ಮುರಿದ ರೊಟ್ಟಿಯ ತುಣುಕುಗಳು ಜನರಲ್ಲಿ ಕೆಲವರಿಗಾದರೂ ದೊರೆಯುವಂತಿರಬೇಕೆಂಬ ಪೂಜಾನಿಯಮವನ್ನು ಪಾಲಿಸುವುದಕ್ಕೆ ವೆಚ್ಚವಿಲ್ಲ. ನಾಲ್ಕನೆಯದು, ಆರಾಧನೆ. ಪರಮಪ್ರಸಾದದ ಮುಂದೆ ಮೌನವಾಗಿ ಮೊಣಕಾಲೂರುವುದನ್ನು ಕಡಿಮೆ ಮಾಡುವುದು ಇಲ್ಲಿನ ಉದ್ದೇಶವಲ್ಲ. ಮುಂದಿರುವವರು ಯಾರೆಂದು ಅಲ್ಲಿ ಕಲಿತವನೇ ಹೊರಗೆ ಅಂಗಳದಲ್ಲಿ ಕುಳಿತವನಲ್ಲಿ ಅವರನ್ನು ಗುರುತಿಸಬಲ್ಲನು.

ಬಲಿಪೂಜೆಯ ಕೊನೆಯಲ್ಲಿ ಸಭೆಯನ್ನು ಕಳುಹಿಸಿಕೊಡಲಾಗುತ್ತದೆ. ಅಲ್ಲಿಗೆ ವಿಧಿ ಮುಗಿಯುತ್ತದೆ, ಸಂಸ್ಕಾರದ ಫಲ ಕಾಣತೊಡಗುತ್ತದೆ. ಆ ಫಲ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಪೌಲರು ಕೊರಿಂಥದವರಿಗೆ ಕೊಟ್ಟ ಅಳತೆಗೋಲು ನಮಗೂ ಸಾಕು: ತಡವಾಗಿ ಬಂದವನಿಗೆ ನಮ್ಮ ಪಂಕ್ತಿಯಲ್ಲಿ ಸ್ಥಳವಿತ್ತೇ?